ಲಾಕ್‌ಡೌನಲ್ಲಿ ದುಡ್ಡು ಯಾಕೆ ಉಳೀಲಿಲ್ಲ?

ಪ್ರಶ್ನೆ: ಸಾರ್, 2020ರ ಲಾಕ್‌ಡೌನಲ್ಲಿ ನಮ್ಮೂರಲ್ಲಿ ಸಂತೆ ಇಲ್ಲ, ಜಾತ್ರೆ ಇಲ್ಲ, ಮದುವೆನೂ ಮನೆ ಮುಂದೇನೇ ಆಯ್ತು, ಆದ್ರೂ ಕೈಯಲ್ಲಿ ಕಾಸು ನಿಲ್ಲಲಿಲ್ಲ, ಯಾಕೆ?

ಉತ್ತರ: ಖರ್ಚಿಗಿಂತ ಮೊದ್ಲು ಆದಾಯ ನಿಂತೋಯ್ತಲ್ಲ, ಅದಕ್ಕೇ. ಹೂವು, ಟೊಮೆಟೊ ಹೊಲದಲ್ಲೇ ಕೊಳೀತು, ಬೆಂಗಳೂರಿಂದ ದುಡ್ಡು ಕಳಿಸ್ತಿದ್ದ ಮಕ್ಳೇ ಊರಿಗೆ ವಾಪಸ್ ಬಂದ್ರು, ಉಣ್ಣೋ ಬಾಯಿ ಜಾಸ್ತಿ ಆಯ್ತು. ರೇಷನ್‌ನಲ್ಲಿ ತಲೆಗೆ 5 ಕೆಜಿ ಎಕ್ಸ್‌ಟ್ರಾ ಅಕ್ಕಿ ಫ್ರೀ ಕೊಟ್ರು, ಜನಧನ್ ಖಾತೆ ಇದ್ದ ಹೆಂಗಸ್ರಿಗೆ 3 ತಿಂಗ್ಳು 500 ರೂಪಾಯಿ ಬಂತು, ಅದು ನಿಜಕ್ಕೂ ಜೀವ ಉಳಿಸ್ತು, ಆದ್ರೆ ಎಣ್ಣೆ ಬೇಳೆ ಸೋಪು ಕೊಳ್ಳಲೇಬೇಕಲ್ವಾ. ಮೇಲೆ ಆನ್‌ಲೈನ್ ಕ್ಲಾಸಿಗೆ ಸ್ಮಾರ್ಟ್‌ಫೋನು, ರೀಚಾರ್ಜು. ಎಷ್ಟೋ ತಾಯಂದಿರು ತಮ್ಮ ಔಷಧಿ, ಹಾಲು ಬಿಟ್ಟು ಅದನ್ನ ತುಂಬಿದ್ರು, ನಂಗೆ ಅದೇ ತುಂಬಾ ಸಂಕಟ. ಬ್ಯಾಂಕ್ ಸಾಲದ ಕಂತು ಆಗಸ್ಟ್‌ವರೆಗೆ ಮುಂದೆ ಹಾಕೋಕೆ ಅವಕಾಶ ಇತ್ತು, ಬಡ್ಡಿ ಮಾತ್ರ ಬೆಳೀತಾನೇ ಇತ್ತು.