ತೆಂಗಿನಕಾಯಿ ಶೂಟಿಂಗ್‌ಗೆ ಹತ್ತಿ ಸಾಲದು
ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗ್ತಿದ್ದೀರಿ, ಕಿವಿಗೆ ಹತ್ತಿ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಸಾಲದು. 12 ಬೋರ್ ಕೋವಿಯ ಸದ್ದು 150 ಡೆಸಿಬಲ್ ದಾಟುತ್ತದೆ. 140 ದಾಟಿದರೆ ಒಂದೇ ಗುಂಡಿಗೂ ಕಿವಿ ಕೆಡಬಹುದು, ಹಾಗೆ ಕೆಟ್ಟದ್ದು ಸರಿಹೋಗುವುದು ಕಷ್ಟ.

ಕಿವಿಯೊಳಗೆ ಹಾಕುವ ಮೆತ್ತನೆಯ ಫೋಮ್ ಪ್ಲಗ್ ತಗೊಳ್ಳಿ. ಸುಮ್ನೆ ತುರುಕಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗೆ ತಳ್ಳಿ. ಅದು ಉಬ್ಬುವವರೆಗೆ, ಅರ್ಧ ನಿಮಿಷ, ಬೆರಳು ತೆಗೀಬೇಡಿ. ಅದರ ಮೇಲೆ ಇಡೀ ಕಿವಿ ಮುಚ್ಚುವ ಮಫ್ ಕೂಡ ಹಾಕಿ. ತೆಳ್ಳಗಿನದೇ ಇರಲಿ. ದಪ್ಪಗಿದ್ದರೆ ಕೋವಿಯ ಮರಕ್ಕೆ ಕೆನ್ನೆ ಒರಗಿಸುವಾಗ ತಗಲಿ ಸರಿಯುತ್ತದೆ, ಸಂದಿ ಬೀಳುತ್ತದೆ. ದಪ್ಪ ಕಡ್ಡಿಯ ಕನ್ನಡಕದಿಂದಲೂ ಹಾಗೇ ಆಗುತ್ತೆ.

ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಮರೆಯದೆ ಹಾಕಿಸಿ.