ತಟ್ಟುವುದೇ, ಊದುವುದೇ, ನಡುಗುವ ಜಾಕೆಟ್ಟೇ? ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಎದೆಯ ಕಫದ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮಗಳಿಗೆ ಈಗ ಒಂಬತ್ತು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗ ಬೆವರಿನ ಪರೀಕ್ಷೆ ಮಾಡಿ ಸಿಸ್ಟಿಕ್ ಫೈಬ್ರೋಸಿಸ್ ಎಂದು ಹೇಳಿದರು. ಅಂದಿನಿಂದ ಬೆಳಿಗ್ಗೆ ಮತ್ತು ರಾತ್ರಿ ಅವಳನ್ನು ಮಲಗಿಸಿಕೊಂಡು ಬೆನ್ನು, ಪಕ್ಕೆ ತಟ್ಟುತ್ತಾ ಬಂದಿದ್ದೇನೆ. ಈಗ ಅವಳು ಬೇಡವೆಂದು ಹಟ ಮಾಡುತ್ತಾಳೆ, ನನಗೂ ಮಣಿಕಟ್ಟು ನೋವು. ಅಮೆರಿಕದಲ್ಲಿರುವ ನನ್ನ ಭಾವನವರು, ಅಲ್ಲಿನ ಮಕ್ಕಳು ನಡುಗುವ ಜಾಕೆಟ್ ತೊಟ್ಟು ಕಫ ತೆಗೆಯುತ್ತಾರೆ ಎಂದು ತಿಳಿಸಿದರು. ವಿಚಾರಿಸಿದರೆ ಅದಕ್ಕೆ ಲಕ್ಷಗಟ್ಟಲೆ ರೂಪಾಯಿ. ಚಿನ್ನ ಅಡವಿಟ್ಟಾದರೂ ತರಿಸೋಣ ಎಂದು ನಮ್ಮ ಮನೆಯವರು ಹೇಳುತ್ತಿದ್ದಾರೆ. ಇಲ್ಲಿನ ವೈದ್ಯರು ಬಾಯಿಗಿಟ್ಟು ಊದುವ ಒಂದು ಚಿಕ್ಕ ಸಾಧನವನ್ನು ಬರೆದುಕೊಟ್ಟಿದ್ದಾರೆ. ಅಷ್ಟು ಅಗ್ಗದ ವಸ್ತುವಿನ ಮೇಲೆ ನಂಬಿಕೆ ಬರುತ್ತಿಲ್ಲ. ಯಾವುದು ಒಳ್ಳೆಯದು?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ತಾಯಿ, ದಯವಿಟ್ಟು ಚಿನ್ನ ಅಡವಿಡಬೇಡಿ. ನಿಮ್ಮ ವೈದ್ಯರು ಬರೆದುಕೊಟ್ಟದ್ದು ಅಗ್ಗವಾಗಿದೆ ಎಂಬುದಕ್ಕೆ ಅದು ಕೀಳೆಂದು ಅರ್ಥವಲ್ಲ. ಈ ಒಂದು ವಿಷಯದಲ್ಲಿ ಬೆಲೆಗೂ ಗುಣಕ್ಕೂ ನಂಟಿಲ್ಲ ಎಂಬುದನ್ನು ಅಧ್ಯಯನಗಳೇ ತೋರಿಸಿವೆ.

ಈ ಕಾಯಿಲೆಯಲ್ಲಿ ಜೀವಕೋಶಗಳ ಮೇಲ್ಮೈಯಲ್ಲಿ ಉಪ್ಪು ಮತ್ತು ನೀರಿನ ಓಡಾಟವನ್ನು ನೋಡಿಕೊಳ್ಳುವ ಒಂದು ಪ್ರೋಟೀನು ಸರಿಯಾಗಿ ಕೆಲಸ ಮಾಡುವುದಿಲ್ಲ. ಏಳನೆಯ ವರ್ಣತಂತುವಿನಲ್ಲಿರುವ ಅದರ ವಂಶವಾಹಿಯನ್ನು 1989ರಲ್ಲಿ ಗುರುತಿಸಿದರು. ಇದರಿಂದಾಗಿ ಶ್ವಾಸನಾಳಗಳ ಒಳಗಿನ ತೇವ ಆರಿ, ಕಫವು ಅಂಟಿನಂತೆ ಗೋಡೆಗೆ ಹಿಡಿದುಕೊಳ್ಳುತ್ತದೆ, ನಿಂತ ಕಫದಲ್ಲಿ ಸೋಂಕು ಬೇರೂರುತ್ತದೆ. ಬರೀ ಕೆಮ್ಮಿದರೆ ದೊಡ್ಡ ನಾಳಗಳಲ್ಲಿರುವುದು ಹೊರಬಂದೀತು, ಆಳದಲ್ಲಿರುವುದು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಯಾವುದೇ ವಿಧಾನವಾಗಲಿ, ಅದು ಎರಡು ಕೆಲಸಗಳನ್ನು ಮಾಡಬೇಕು: ಗಾಳಿಯನ್ನು ಕಫದ ಹಿಂಬದಿಗೆ ತಲುಪಿಸಬೇಕು, ಆಮೇಲೆ ಆ ಗಾಳಿಯ ರಭಸದಿಂದಲೇ ಕಫವನ್ನು ಮೇಲಕ್ಕೆ ತರಬೇಕು. ಈ ಎರಡು ಕೆಲಸಗಳನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಹೋಲಿಕೆ ಸುಲಭವಾಗುತ್ತದೆ.

ತಟ್ಟುವುದು ಎಲ್ಲಕ್ಕಿಂತ ಹಳೆಯದು. ತೀರ್ಥಕ್ಕೆ ಅಂಗೈಯನ್ನು ಗುಳಿ ಮಾಡುವ ಹಾಗೆ ಮಾಡಿಕೊಂಡು ತಟ್ಟಿದಾಗ ಎದೆಗೂಡು ಅದುರಿ ಕಫ ಸಡಿಲವಾಗುತ್ತದೆ. ತಾನಾಗಿ ಏನೂ ಮಾಡಲಾರದ ಕೂಸಿಗೆ ಅದು ತಕ್ಕದ್ದು, ಮತ್ತು ಎಂಟು ವರ್ಷಕ್ಕೂ ಮೇಲ್ಪಟ್ಟು ನೀವು ಅದನ್ನು ಬಿಡದೆ ನಡೆಸಿದ್ದೀರಿ ಎಂಬುದನ್ನು ಓದಿ ನನ್ನ ಮನಸ್ಸು ತುಂಬಿ ಬಂತು. ಹಿಂದೆ ತಲೆ ತಗ್ಗಾಗಿ, ಸೊಂಟ ಮೇಲಾಗಿ ಮಲಗಿಸಿ ತಟ್ಟಲು ಹೇಳುತ್ತಿದ್ದರು. ಹಾಗೆ ಮಾಡಿದಾಗ ಹಸುಗೂಸುಗಳಲ್ಲಿ ಹೊಟ್ಟೆಯಲ್ಲಿರುವುದು ಅನ್ನನಾಳಕ್ಕೆ ಮರಳುವುದು ಹೆಚ್ಚಾಗುತ್ತದೆ ಎಂದು ಆಸ್ಟ್ರೇಲಿಯಾದ ಅಧ್ಯಯನಗಳು ತೋರಿಸಿದ ಮೇಲೆ ಆ ಭಂಗಿಯನ್ನು ಬಹುಮಟ್ಟಿಗೆ ಕೈಬಿಡಲಾಗಿದೆ. ನಿಮ್ಮಲ್ಲಿ ಇನ್ನೂ ಹಾಗೆ ನಡೆಯುತ್ತಿದ್ದರೆ ಇಂದೇ ನಿಲ್ಲಿಸಿ. ತಟ್ಟುವುದರ ದೊಡ್ಡ ಕೊರತೆ ಬೇರೆಯದು. ಅದಕ್ಕೆ ಯಾವಾಗಲೂ ಇನ್ನೊಬ್ಬರ ಕೈ ಬೇಕು, ಒಂಬತ್ತು ವರ್ಷದ ಹುಡುಗಿಗೆ ತನ್ನ ಎದೆಯ ಕೆಲಸ ತನ್ನ ಕೈಗೆ ಬರಬೇಕು. ಅವಳ ಹಟದಲ್ಲಿ ನನಗೆ ಕಾಣುವುದು ಈ ಬೇಡಿಕೆಯೇ.

ಈಗ ಊದುವ ಸಾಧನದ ವಿಚಾರ. ಉಸಿರು ಬಿಡುವ ದಾರಿಗೆ ಅದು ಹದವಾದ ತಡೆಯೊಡ್ಡುತ್ತದೆ. ಆ ತಡೆಯಿಂದ ಹುಟ್ಟುವ ಒತ್ತಡ ಶ್ವಾಸನಾಳಗಳು ಮುಚ್ಚಿಕೊಳ್ಳದಂತೆ ತೆರೆದಿಡುತ್ತದೆ, ಗಾಳಿ ಪಕ್ಕದ ದಾರಿಗಳಿಂದ ನುಸುಳಿ ಕಫದ ಹಿಂದೆ ಸೇರುತ್ತದೆ. ಬೇಕಾದ ಒತ್ತಡ 10ರಿಂದ 20 ಸೆಂಟಿಮೀಟರ್ ನೀರಿನಷ್ಟು ಮಾತ್ರ. ‘ಸೆಂಟಿಮೀಟರ್ ನೀರು’ ಎಂಬುದು ಬರೀ ಅಳತೆಯ ಹೆಸರಲ್ಲ, ಅದನ್ನು ಕಣ್ಣಾರೆ ನೋಡಬಹುದು. ಚಿಕ್ಕ ಮಕ್ಕಳಿಗೆ ನಾವು ಅಗಲ ಬಾಯಿಯ ಬಾಟಲಿಯಲ್ಲಿ ಹತ್ತು ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಅಗಲವಾದ ಕೊಳವೆಯನ್ನು ತಳದವರೆಗೆ ಇಳಿಸಿ ಕೊಡುತ್ತೇವೆ. ಮಗು ಊದಿದಾಗ ಗಾಳಿ ಅಷ್ಟೂ ನೀರನ್ನು ತಳ್ಳಿಕೊಂಡು ಹೊರಬರಬೇಕು, ಹಾಗಾಗಿ ಎದೆಯೊಳಗೆ ಹತ್ತು ಸೆಂಟಿಮೀಟರಿನಷ್ಟು ಒತ್ತಡ ತಾನಾಗಿ ಉಂಟಾಗುತ್ತದೆ. ನೊರೆ ಬಾಟಲಿಯ ಬಾಯಿಂದ ಉಕ್ಕಿ ಕೆಳಗಿಟ್ಟ ತಟ್ಟೆಗೆ ಇಳಿಯುವವರೆಗೆ ಮಗು ಊದುತ್ತಲೇ ಇರುತ್ತದೆ, ಚಿಕಿತ್ಸೆ ಎಂಬುದು ಅದಕ್ಕೆ ಹೊಳೆಯುವುದೇ ಇಲ್ಲ. ಕೊಳವೆಯ ಅಗಲ ಮತ್ತು ನೀರಿನ ಎತ್ತರವನ್ನು ಫಿಸಿಯೋಥೆರಪಿಸ್ಟರೇ ಹೊಂದಿಸಿಕೊಡಬೇಕು, ನೀರನ್ನು ಪ್ರತಿಸಲವೂ ಚೆಲ್ಲಬೇಕು. ನಿಮ್ಮ ವೈದ್ಯರು ಬರೆದುಕೊಟ್ಟ ಸಾಧನವೂ ಇದೇ ತತ್ತ್ವದ್ದು. ಫ್ಲಟರ್, ಅಕಾಪೆಲ್ಲಾ, ಏರೋಬಿಕಾ ಮುಂತಾದವುಗಳಲ್ಲಿ ಒತ್ತಡದ ಜೊತೆಗೆ ಗಾಳಿಗೆ ಒಂದು ಅದುರುವಿಕೆಯೂ ಸೇರುತ್ತದೆ, ಅಷ್ಟೇ ವ್ಯತ್ಯಾಸ.

ನಡುಗುವ ಜಾಕೆಟ್ ಎದೆಗೂಡನ್ನು ಹೊರಗಿನಿಂದ ಸೆಕೆಂಡಿಗೆ ಹಲವು ಬಾರಿ ಒತ್ತಿ ಬಿಡುತ್ತದೆ. ಕೈಯಿಂದ ತಟ್ಟುವುದಕ್ಕೆ ಅದು ಯಂತ್ರದ ರೂಪ ಎನ್ನಬಹುದು. ಕಫವನ್ನು ಅದು ಸಡಿಲಿಸುತ್ತದೆ, ಆದರೆ ಮುಚ್ಚಿಕೊಳ್ಳುವ ನಾಳಗಳನ್ನು ಊದುವ ಸಾಧನದ ಹಾಗೆ ತೆರೆದಿಡುವುದಿಲ್ಲ. ಕೆನಡಾದಲ್ಲಿ 107 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜಾಕೆಟ್, ಇನ್ನೊಂದಕ್ಕೆ ಊದುವ ಸಾಧನದ ತತ್ತ್ವದ್ದೇ ಆದ ಮಾಸ್ಕ್ ಕೊಟ್ಟು ಒಂದು ವರ್ಷ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶ್ವಾಸಕೋಶದ ಸಾಮರ್ಥ್ಯದಲ್ಲಿ ಎರಡು ಗುಂಪುಗಳ ನಡುವೆ ಅಂತರ ಕಾಣಲಿಲ್ಲ, ಆದರೆ ಎದೆಯ ಸೋಂಕು ಉಲ್ಬಣಿಸಿದ ಸಂದರ್ಭಗಳು ಜಾಕೆಟ್ ತೊಟ್ಟವರಲ್ಲಿಯೇ ಹೆಚ್ಚಾಗಿದ್ದವು. ಮಿಕ್ಕ ವಿಧಾನಗಳನ್ನು ಪರಸ್ಪರ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವರಿಗೂ ಇದೇ ಎಲ್ಲಕ್ಕಿಂತ ಮೇಲು ಎಂದು ಯಾವುದನ್ನೂ ಬೊಟ್ಟು ಮಾಡಲಾಗಿಲ್ಲ. ಹೀಗಿರುವಾಗ ರೋಗಿ ದಿನವೂ ಮನಸ್ಸಿಟ್ಟು ಮಾಡುವ ವಿಧಾನವೇ ಅವರ ಪಾಲಿಗೆ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ, ಹೇಳಿದಂತೆ ಉಸಿರಾಡಲು ಆಗದವರಿಗೆ ಜಾಕೆಟ್ ಉಪಯೋಗಕ್ಕೆ ಬರಬಹುದು. ನಿಮ್ಮ ಮಗಳು ಅಂಥವಳಲ್ಲ.

ಯಾವ ಸಾಧನ ತಂದರೂ ಕೊನೆಗೆ ಕಫವನ್ನು ಹೊರತರುವುದು ‘ಹಫ್’. ಇದನ್ನು ಕಲಿಸದೆ ಸಾಧನವನ್ನು ಮಾತ್ರ ಕೈಗಿಟ್ಟು ಕಳುಹಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕನ್ನಡಕ ಒರೆಸುವ ಮುನ್ನ ಗಾಜಿನ ಮೇಲೆ ‘ಹಾ’ ಎಂದು ಆವಿ ಬಿಡುತ್ತೇವಲ್ಲ, ಅದೇ ಹಫ್. ಬಾಯಿ ಅಗಲ, ಗಂಟಲು ಸಡಿಲ, ಒತ್ತುವುದು ಹೊಟ್ಟೆಯಿಂದ. ಸಾಧಾರಣ ಉಸಿರೆಳೆದು ಉದ್ದವಾಗಿ ಹಫ್ ಮಾಡಿದರೆ ಆಳದ ಸಣ್ಣ ನಾಳಗಳ ಕಫ ಮೇಲೆ ಸರಿಯುತ್ತದೆ; ಪೂರ್ತಿ ಉಸಿರೆಳೆದು ಚುರುಕಾಗಿ ಮಾಡಿದರೆ ದೊಡ್ಡ ನಾಳಗಳಲ್ಲಿರುವುದು ಹೊರಬರುತ್ತದೆ. ಸ್ಟೀಲ್ ಲೋಟದ ಹೊಳೆಯುವ ಮೈಯನ್ನು ಮಸುಕು ಮಾಡಲು ಮಗಳಿಗೆ ಹೇಳಿ ನೋಡಿ, ಒಂದೇ ವಾರದಲ್ಲಿ ಕಲಿಯುತ್ತಾಳೆ. ಮೇಜಿನ ಮೇಲೆ ಮೊಣಕೈ ಊರಿ ನೆಟ್ಟಗೆ ಕುಳಿತು, ಸಾಧನದಲ್ಲಿ ಹತ್ತು ಹದಿನೈದು ಉಸಿರು, ಆಮೇಲೆ ಎರಡು ಮೂರು ಹಫ್, ಬಂದ ಕಫವನ್ನು ಕೆಮ್ಮಿ ಉಗಿಯುವುದು, ಸ್ವಲ್ಪ ವಿಶ್ರಾಂತಿ. ಈ ಸುತ್ತನ್ನು ಐದಾರು ಸಲ ಮಾಡಿದರೆ ಸುಮಾರು ಇಪ್ಪತ್ತು ನಿಮಿಷ. ದಿನಕ್ಕೆ ಎರಡು ಸಲ, ನೆಗಡಿ ಜ್ವರ ಬಂದಾಗ ವೈದ್ಯರು ಹೇಳಿದಷ್ಟು ಹೆಚ್ಚು ಸಲ. ಮೊದಲ ಕೆಲವು ವಾರ ನೀವು ಪಕ್ಕದಲ್ಲಿ ಕುಳಿತಿರಿ. ಕೈಗೆ ವಿಶ್ರಾಂತಿ ಸಿಗಲಿ, ಕಣ್ಣು ಮಾತ್ರ ಅವಳ ಮೇಲಿರಲಿ. ಕಫದಲ್ಲಿ ರಕ್ತ ಕಂಡರೆ, ಅಥವಾ ಒಮ್ಮೆಲೇ ಎದೆಯ ಒಂದು ಪಕ್ಕ ನೋವು ಬಂದು ಉಸಿರು ಕಟ್ಟಿದಂತಾದರೆ ಊದುವುದನ್ನು ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಶ್ನೆ: ನನಗೆ 26 ವರ್ಷ, ಹಿಂಜೆವಾಡಿಯಲ್ಲಿ ಕೆಲಸ. ಸಿಸ್ಟಿಕ್ ಫೈಬ್ರೋಸಿಸ್ ಇದೆ. ದಿನವೂ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ಓಡುತ್ತೇನೆ. ಓಡುವವನಿಗೆ ಕಫ ತೆಗೆಯುವ ಕ್ರಮ ಬೇರೆ ಬೇಕೇ? ಬಾಡಿಗೆ ಮನೆಯಲ್ಲಿ ಗೆಳೆಯರ ಮುಂದೆ ಸಾಧನ ಊದಲು ಸಂಕೋಚ. ನೆಬ್ಯುಲೈಸರ್ ಔಷಧಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕು?
— ಓದುಗ, ಪುಣೆ

ಉತ್ತರ: ಓಟವನ್ನು ಖಂಡಿತ ಬಿಡಬೇಡಿ. ಅದರಿಂದ ಉಸಿರು ಆಳವಾಗುತ್ತದೆ, ಕಫ ಅಲುಗುತ್ತದೆ, ಮೈಗೂ ಬಲ ಬರುತ್ತದೆ. ಆದರೆ ಓಡುತ್ತಾ ಸಡಿಲವಾದ ಕಫ ತಾನಾಗಿ ಹೊರಬರುವುದಿಲ್ಲ. ಓಟದ ನಡುವೆ ಮತ್ತು ಕೊನೆಯಲ್ಲಿ ನಿಂತು ಹಫ್ ಮಾಡಿ ಕಫ ಉಗಿಯುವ ಅಭ್ಯಾಸವಿದ್ದರೆ ಅದು ನಿಮ್ಮ ಬೆಳಗಿನ ಕ್ರಮದ ಭಾಗವಾದೀತು. ಕಫ ತೆಗೆಯುವ ಕ್ರಮವನ್ನೇ ಬಿಟ್ಟು ಓಟವೊಂದನ್ನೇ ನೆಚ್ಚುವುದು ನಿಮ್ಮ ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಒಪ್ಪಿದ ಹೊರತು ಸರಿಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಓಡುವಾಗ ಇನ್ನೊಂದು ಎಚ್ಚರ ಬೇಕು: ನಿಮ್ಮ ಬೆವರಿನಲ್ಲಿ ಉಳಿದವರಿಗಿಂತ ಬಹಳ ಹೆಚ್ಚು ಉಪ್ಪು ಹೋಗುತ್ತದೆ, ಆದ್ದರಿಂದ ಬರೀ ನೀರು ಕುಡಿದರೆ ಸಾಲದು, ಎಷ್ಟು ಉಪ್ಪು ಸೇರಿಸಬೇಕೆಂದು ವೈದ್ಯರನ್ನು ಕೇಳಿ.

ಸಂಕೋಚದ ವಿಷಯಕ್ಕೆ ಬಂದರೆ, ಸಾಧನವೇ ಬೇಡದ ವಿಧಾನಗಳೂ ಇವೆ. ಒಂದರಲ್ಲಿ ಸಹಜ ಉಸಿರಾಟ, ಎದೆ ಹಿಗ್ಗಿಸುವ ಆಳದ ಉಸಿರು ಮತ್ತು ಹಫ್ ಇವು ಮೂರೂ ಸರದಿಯಂತೆ ಬರುತ್ತವೆ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ರೂಪುಗೊಂಡ ಕ್ರಮ ಇದು, ಕಲಿಯಲು ಸುಲಭ. ಬೆಲ್ಜಿಯಮ್ಮಿನಲ್ಲಿ ಹುಟ್ಟಿದ ಆಟೋಜೆನಿಕ್ ಡ್ರೈನೇಜ್ ಇನ್ನೊಂದು. ಅದರಲ್ಲಿ ಉಸಿರನ್ನು ಪೂರ್ತಿ ಖಾಲಿ ಮಾಡಿ ಕೆಳಮಟ್ಟದಲ್ಲಿ ಸಣ್ಣ ಸಣ್ಣ ಉಸಿರಾಡುತ್ತಾ ಕಫ ಬಿಡಿಸಬೇಕು, ನಡುಮಟ್ಟಕ್ಕೆ ಏರಿ ಅದನ್ನು ಒಟ್ಟುಗೂಡಿಸಬೇಕು, ಮೇಲ್ಮಟ್ಟದಲ್ಲಿ ಹೊರತರಬೇಕು. ಕಫ ಎಲ್ಲಿದೆ ಎಂಬುದನ್ನು ಎದೆಯ ಮೇಲೆ ಕೈಯಿಟ್ಟು ಗುರುಗುಟ್ಟುವಿಕೆಯಿಂದ ತಿಳಿಯುವ ಸೂಕ್ಷ್ಮ ಬರಲು ಕೆಲವು ತಿಂಗಳ ಅಭ್ಯಾಸ ಬೇಕಾಗಬಹುದು. ಆದರೆ ಕೈವಶವಾದ ಮೇಲೆ ಕಂಪನಿಯ ಬಸ್ಸಿನಲ್ಲಿ ಕುಳಿತೂ ಯಾರಿಗೂ ತಿಳಿಯದಂತೆ ಅರ್ಧ ಕೆಲಸ ಮುಗಿಸಬಹುದು. ನಿಮ್ಮ ವಯಸ್ಸಿಗೆ, ನಿಮ್ಮ ದಿನಚರಿಗೆ ನಾನು ಇದನ್ನೇ ಹೇಳುತ್ತೇನೆ. ಗೆಳೆಯರಿಗೆ ಒಂದು ಮಾತು ತಿಳಿಸಿಬಿಟ್ಟರೆ ಇನ್ನೂ ಹಗುರ.

ನೆಬ್ಯುಲೈಸರ್ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ಶ್ವಾಸನಾಳ ಹಿಗ್ಗಿಸುವ ಔಷಧ, ಅದರ ಮೇಲೆ ನೆಬ್ಯುಲೈಸರಿಗೆಂದೇ ಬರುವ ಉಪ್ಪುನೀರು, ಆಮೇಲೆ ಕಫ ತೆಗೆಯುವುದು, ಎಲ್ಲ ಮುಗಿದ ಮೇಲೆ ಆಂಟಿಬಯಾಟಿಕ್. ಕಫದ ಮೇಲೆ ಬಿದ್ದ ಆಂಟಿಬಯಾಟಿಕ್ ಗೋಡೆಯನ್ನು ಮುಟ್ಟದೆ ಕಫದೊಂದಿಗೇ ಹೊರಬೀಳುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಯಾವ ವಸ್ತುವೂ ಒಣಗುವುದಿಲ್ಲ. ಮೊಮ್ಮಗನ ಊದುವ ಸಾಧನ, ನೆಬ್ಯುಲೈಸರ್ ಕಪ್ಪುಗಳನ್ನು ವಿನೆಗರ್ ನೀರಿನಲ್ಲಿ ಅದ್ದಿಟ್ಟರೆ ಸಾಕೇ?
— ಅಜ್ಜಿ, ಮಡಗಾಂವ್

ಉತ್ತರ: ಸಾಲದು ಅಮ್ಮ. ಒದ್ದೆಯಲ್ಲಿ ಬೆಳೆಯುವ ಸ್ಯೂಡೋಮೊನಾಸ್ ಎಂಬ ರೋಗಾಣು ಈ ಮಕ್ಕಳ ಎದೆಗೆ ಬಹಳ ಕೆಟ್ಟದ್ದು, ಅದನ್ನು ಕೊಲ್ಲಲು ವಿನೆಗರನ್ನು ನೆಚ್ಚುವಂತಿಲ್ಲ. ಪ್ರತಿ ಬಳಕೆಯ ಬಳಿಕ ಬಿಡಿಭಾಗಗಳನ್ನು ಕಳಚಿ ಸೋಪಿನ ನೀರಿನಲ್ಲಿ ತೊಳೆಯಿರಿ. ಕುದಿಸಬಹುದು ಎಂದು ಅದರ ಕೈಪಿಡಿಯಲ್ಲಿದ್ದರೆ ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಡಿ. ಕುದಿಸಿದ ಮೇಲೆ ನಲ್ಲಿ ನೀರಿನಲ್ಲಿ ಮತ್ತೆ ತೊಳೆಯಬೇಡಿ, ಕಳೆದ ರೋಗಾಣು ಅಲ್ಲಿಂದಲೇ ಮರಳೀತು. ನೀರು ಕೊಡವಿ, ಒಗೆದ ಹತ್ತಿಯ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಅಡುಗೆಮನೆಯ ಸಿಂಕಿನಿಂದ ದೂರದಲ್ಲಿ ಫ್ಯಾನಿನ ಗಾಳಿಗೆ ಇಡಿ. ಸಾಧ್ಯವಾದರೆ ಕಪ್ಪುಗಳ ಎರಡು ಜೊತೆ ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಕೈಗೆ ಸಿಗುತ್ತದೆ. ಒದ್ದೆಯಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ.