ಅವರು ಆಗ ಯಾಕೆ ಸುದ್ದಿ ಇಲ್ಲದೆ ಹೋದದ್ದು, ಕೇಳಿದ್ರಾ ಟೀಚರೇ?

ಪತ್ರ (ಉದ್ದ ಇತ್ತು, ಚಿಕ್ಕದು ಮಾಡಿದ್ದೇನೆ):

ಅಕ್ಕಾ, ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್, ಈಗ 44 ವರ್ಷ. ನಮ್ಮವರು ಸರ್ಕಾರಿ ಕೆಲಸದಲ್ಲಿದ್ರು, ತೀರಿಹೋಗಿ ಆರು ವರ್ಷ ಆಯ್ತು. ಮಗಳು ಮಂಗಳೂರಲ್ಲಿ ಹಾಸ್ಟೆಲಲ್ಲಿದ್ದು ಡಿಗ್ರಿ ಓದ್ತಾಳೆ, ಮನೆಯಲ್ಲಿ ನಾನು ಮತ್ತೆ ಅತ್ತೆ, ಸ್ವಲ್ಪ ಅಡಿಕೆ ತೋಟ ಉಂಟು. ಕಾಲೇಜಲ್ಲಿ ಒಬ್ಬರ ಮೇಲೆ ಮನಸ್ಸಿತ್ತು, ಅವರಿಗೂ ಇತ್ತು. ಡಿಗ್ರಿ ಆದ ಮೇಲೆ ಅವರು ಗಲ್ಫಿಗೆ ಹೋದ್ರು, ಮತ್ತೆ ಸುದ್ದಿಯೇ ಇಲ್ಲ. ಈಗ ಡಿವೋರ್ಸ್ ಆಗಿ ಊರಿಗೆ ಬಂದಿದ್ದಾರೆ, ಕಾಲೇಜಿನ ವಾಟ್ಸಾಪ್ ಗ್ರೂಪಿನಿಂದ ನಂಬರ್ ಹುಡುಕಿ ಮಾತಾಡ್ಲಿಕ್ಕೆ ಶುರು ಮಾಡಿದ್ರು, ಮದುವೆ ಆಗುವ ಅಂತಾರೆ. ಸ್ವಲ್ಪವೂ ಬದಲಾಗಿಲ್ಲ ಅಕ್ಕಾ, ಅದೇ ನಗು, ಅದೇ ಮಾತು. ಅವರ ಮನೆಮಾತು ಮಲಯಾಳ, ಜಾತಿ ಬೇರೆ. ಭಾವನಿಗೆ ಹೇಗೋ ಗೊತ್ತಾಗಿ 'ಮದುವೆ ಆದ್ರೆ ತೋಟದ ಆಸೆ ಬಿಡು' ಅಂದಿದ್ದಾರೆ. ನಿಮ್ಮ ಕಥೆಗಳಲ್ಲಿ ಎಲ್ಲರಿಗೂ ಎರಡನೇ ಚಾನ್ಸ್ ಸಿಗ್ತದೆ, ನನಗೂ ಸಿಕ್ಕಿದ್ದು ಅಂದ್ಕೊಳ್ಳಲಾ?

ಟೀಚರೇ,

ಪತ್ರ ಓದಿ ಮೊದಲು ಅನಿಸಿದ್ದು ಇದು ನನ್ನ ಮುಂದಿನ ಧಾರಾವಾಹಿಗೆ ಆಗ್ತದಲ್ಲ ಅಂತ, ಎಂತ ಮಾಡುದು, ವಾರಕ್ಕೊಂದು ಕಂತು ಬರೆದು ಬರೆದು ಮಂಡೆ ಹಾಗೇ ಆಗಿ ಹೋಗಿದೆ. ಆದ್ರೆ ನೀವು ನನ್ನ ಕಥೆಗಳನ್ನೇ ಸಾಕ್ಷಿಗೆ ಕರೆದಿದ್ದೀರಿ, ಹಾಗಾಗಿ ಅವುಗಳ ಗುಟ್ಟು ಸ್ವಲ್ಪ ಬಿಟ್ಟು ಕೊಡ್ತೇನೆ.

ಇಪ್ಪತ್ತು ವರ್ಷ ದೂರ ಇದ್ದವರನ್ನು ಕೊನೇ ಕಂತಲ್ಲಿ ಒಟ್ಟು ಮಾಡ್ಬೇಕಾದ್ರೆ ಬರೆಯುವವರಿಗೆ ಒಂದು ತಲೆನೋವು ಉಂಟು. ಹುಡುಗ ತಾನಾಗಿಯೇ ಬಿಟ್ಟು ಹೋದ ಅಂತ ಬರೆದ್ರೆ ಓದುವವರು ಅವನನ್ನು ಪುನಃ ಅಂಗಳ ಹತ್ತಿಸುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಪತ್ರ ಬರ್ತದೆ. ಅದಕ್ಕೆ ನಾವು ಒಂದು ಕಾಗದ ಕಳೆದುಹೋಗುವ ಹಾಗೆ ಮಾಡುದು, ಇಲ್ಲದಿದ್ರೆ ಚಿಕ್ಕಪ್ಪ ಅಂತ ಒಬ್ಬನನ್ನು ತಂದು ಆ ಕಾಗದವನ್ನು ಅವನ ಟ್ರಂಕಿನ ಅಡಿಯಲ್ಲಿ ಇಡುದು. ಇಪ್ಪತ್ತು ವರ್ಷ ಆದ ಮೇಲೆ ಟ್ರಂಕ್ ತೆಗೀತಾರೆ, ಎಲ್ಲರೂ ಅಳ್ತಾರೆ, ಹುಡುಗನದ್ದೂ ತಪ್ಪಿಲ್ಲ ಹುಡುಗಿಯದ್ದೂ ತಪ್ಪಿಲ್ಲ, ಮದುವೆ. ನನ್ನ ಅರ್ಧಕ್ಕರ್ಧ ಕಾದಂಬರಿ ಆ ಚಿಕ್ಕಪ್ಪನ ಉಪಕಾರದಲ್ಲಿ ನಿಂತದ್ದು.

ನಿಮ್ಮ ಪತ್ರದಲ್ಲಿ ನಾನು ಆ ಚಿಕ್ಕಪ್ಪನನ್ನು ಹುಡುಕಿದೆ, ಇಲ್ಲ. ಅವರು ಹೋದ್ರು, ಮತ್ತೆ ಸುದ್ದಿಯೇ ಇಲ್ಲ, ಒಂದೇ ವಾಕ್ಯ. ಅದೇನು ಓಬೀರಾಯನ ಕಾಲ ಅಲ್ಲವಲ್ಲ ಟೀಚರೇ, ಪೇಟೆಯಲ್ಲಿ ಎಸ್‌ಟಿಡಿ ಬೂತ್ ಇತ್ತು, ಇಂಟರ್ನೆಟ್ ಕೆಫೆ ಬಂದಾಗಿತ್ತು, ಅದೆಲ್ಲ ಬೇಡ, ನಮ್ಮ ಕಾಸರಗೋಡಿನಲ್ಲಿ ಯಾರಾದ್ರೂ ಗಲ್ಫಿನಿಂದ ರಜೆಯಲ್ಲಿ ಊರಿಗೆ ಹೊರಟ್ರೆ ಸಾಕಿತ್ತು, ಅವರ ಬ್ಯಾಗಲ್ಲಿ ಸೆಂಟು ಸಾಬೂನಿನ ಜೊತೆ ಊರಿನವರೆಲ್ಲರ ಕಾಗದವೂ ಬರ್ತಿತ್ತು. ಅಂದ್ರೆ ಬರೆಯದೆ ಇದ್ದದ್ದು ಅವರೇ. ಯಾಕೆ ಅಂತ ನೀವು ಕೇಳಿದ್ದೀರಾ? ಇಷ್ಟುದ್ದ ಪತ್ರದಲ್ಲಿ ಅದೊಂದು ಮಾತ್ರ ಇಲ್ಲ.

ಕೇಳಿ. ಜಗಳಕ್ಕೆ ಅಲ್ಲ, ಸುಮ್ಮನೆ ಚಾ ಕುಡಿಯುವಾಗ ಕೇಳಿ. 'ಆಗ ನನಗೆ ಧೈರ್ಯ ಇರ್ಲಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ತಂಗಿಯಂದಿರು, ನಿಮಗೆ ಎಂತ ಹೇಳುದು ಅಂತ ಗೊತ್ತಾಗದೆ ಬಿಟ್ಟೆ' ಅಂದ್ರೆ ನನಗೆ ಆ ಜನದ ಮೇಲೆ ಸ್ವಲ್ಪ ಭರವಸೆ ಬರ್ತದೆ, ತಪ್ಪನ್ನು ತನ್ನ ಹೆಸರಿಗೆ ಬರೆದುಕೊಳ್ಳುವ ಗಂಡಸರು ಕಮ್ಮಿ. 'ನಮ್ಮ ಅಮ್ಮ ಬಿಡ್ಲಿಲ್ಲ' ಅಂದ್ರೆ, ಆ ಅಮ್ಮ ಈಗಲೂ ಇದ್ದಾರಾ, ಈಗ ಬಿಡ್ತಾರಾ ಅಂತ ಕೇಳ್ಬೇಕು. 'ಹಳೇದೆಲ್ಲ ಈಗ ಯಾಕೆ, ಮರೆತುಬಿಡು' ಅಂದ್ರೆ ಮಾತ್ರ ನೀವು ಜಾಗ್ರತೆ ಮಾಡಿ, ಯಾಕಂದ್ರೆ ಹಳೇದನ್ನು ಹಿಡ್ಕೊಂಡೇ ಬಂದವರು ಅವರು, ಸಿಹಿ ಇದ್ದದ್ದು ಮಾತ್ರ ಬೇಕು ಉಳಿದದ್ದು ಬೇಡ ಅಂದ್ರೆ ಹೇಗೆ?

ಡಿವೋರ್ಸ್ ವಿಷಯವೂ ಅಷ್ಟೇ. ಯಾರದ್ದು ತಪ್ಪು ಅಂತ ಕೆದಕುದು ಬೇಡ, ಕೋರ್ಟಿನ ತೀರ್ಪಿನ ಕಾಪಿ ನೋಡಿ, ಅಪೀಲಿನ ಸಮಯ ಮುಗಿದಿದೆಯಾ ಅಂತ ವಕೀಲರಲ್ಲಿ ಕೇಳಿ. 'ಆಗಿದೆ' ಅನ್ನುದಕ್ಕೂ 'ಆಗ್ತಾ ಉಂಟು' ಅನ್ನುದಕ್ಕೂ ತುಂಬ ವ್ಯತ್ಯಾಸ ಉಂಟು, ಗಂಡಸರು ಅದನ್ನು ಬೇಕಂತಲೇ ಕಲಸುದು ನಾನು ನೋಡಿದ್ದೇನೆ.

ಇನ್ನು ಆ 'ಸ್ವಲ್ಪವೂ ಬದಲಾಗಿಲ್ಲ'. ನನಗೆ ಹೆದರಿಕೆ ಆದದ್ದು ಅಲ್ಲಿ. ಪರದೇಶದಲ್ಲಿ ಅಷ್ಟು ವರ್ಷ ದುಡಿದು, ಒಂದು ಮದುವೆ ಆಗಿ ಅದು ಮುರಿದು, ಆದ್ರೂ ಒಬ್ಬ ಮನುಷ್ಯ ಬದಲಾಗಿಲ್ಲ ಅಂತಾದ್ರೆ ಅದು ಹೊಗಳಿಕೆಯಾ? ಬದಲಾಗಿರ್ತಾರೆ, ನಿಮಗೆ ಕಾಣ್ಲಿಕ್ಕೆ ಸಮಯ ಸಿಕ್ಕಿಲ್ಲ ಅಷ್ಟೇ. ನೀವೂ ಆ ಕಾಲೇಜಿನ ಹುಡುಗಿ ಅಲ್ಲ, ಗಂಡ ಹೋದ ಮೇಲೆ ಮಗಳನ್ನು ಓದಿಸಿ, ಅತ್ತೆಯನ್ನು ನೋಡಿ, ಶಾಲೆಯಿಂದ ಬಂದು ತೋಟದ ಕೆಲಸದವರಿಗೆ ಸಂಬಳ ಎಣಿಸಿ ಕೊಡುವ ಹೆಂಗಸು. ಈ ಹೆಂಗಸನ್ನು ಅವರು ನೋಡಿದ್ದಾರಾ?

ಅದಕ್ಕೆ ಬೇಕಲ ಕೋಟೆಗೆ ಹೋಗ್ಬೇಡಿ. ಅಲ್ಲಿ ಕಡಲ ಗಾಳಿಗೆ ಯಾರೂ ಚಂದವೇ ಕಾಣ್ತಾರೆ, ನಾನು ನನ್ನ ಹೀರೋಗಳನ್ನು ಅಲ್ಲಿಗೆ ಕಳಿಸುದು ಅದಕ್ಕೇ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ದಿವಸ ಇರ್ತದಲ್ಲ, ಮೈಲುತುತ್ತು ನೆನೆ ಹಾಕಿ ಆಗಿದೆ, ಮರ ಹತ್ತುವವನು ಫೋನ್ ತೆಗಿಯುದಿಲ್ಲ, ಮೇಲೆ ಮೋಡ, ನಿಮಗೆ ಶಾಲೆಗೆ ಲೇಟು, ಅಂಥ ದಿವಸ ಅವರನ್ನು ಮನೆಗೆ ಬರ್ಲಿಕ್ಕೆ ಹೇಳಿ. ಆಗ ಅವರು ಎಲ್ಲಿ ನಿಲ್ತಾರೆ, ಎಂತ ಮಾತಾಡ್ತಾರೆ ನೋಡಿ. ಒಂದು ಮಳೆಗಾಲ ಹೀಗೇ ಹೋಗಲಿ, ಇಷ್ಟು ವರ್ಷ ಕಾದ ಪ್ರೀತಿಗೆ ಇನ್ನು ನಾಲ್ಕು ತಿಂಗಳು ಭಾರ ಆಗುದಿಲ್ಲ.

ಈಗ ಭಾವನ ವಿಷಯ. ಮರುಮದುವೆ ಆದ್ರೆ ಮೊದಲ ಗಂಡನ ಆಸ್ತಿ ಇಲ್ಲ ಅಂತ ಕಾನೂನು ಇದ್ದದ್ದು ಹೌದು, ಅದು 1856ರ ವಿಧವಾ ಪುನರ್ವಿವಾಹ ಕಾಯ್ದೆಯಲ್ಲಿ. ನಿಮ್ಮ ಭಾವ ಇನ್ನೂ ಅಲ್ಲೇ ಇದ್ದಾರೆ ಪಾಪ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ತೋಟ ನಿಮ್ಮವರ ಸ್ವಂತ ಹೆಸರಲ್ಲಿದ್ದು ಅವರು ಉಯಿಲು ಬರೆದಿಡದೆ ಹೋಗಿದ್ರೆ ನಿಮಗೆ, ಮಗಳಿಗೆ, ಅತ್ತೆಗೆ ಸಮ ಸಮ ಪಾಲು, ಮತ್ತೆ ಬಂದ ಪಾಲು ನಿಮ್ಮದೇ, ಮದುವೆ ಆದ್ರೆ ಅದು ವಾಪಸ್ ಹೋಗುದಿಲ್ಲ. ಭಾವನ ಹೆಸರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಜಾಗ ಕುಟುಂಬದ್ದು, ಪಾಲಾಗಿಲ್ಲ ಅಂತಾದ್ರೆ ಮಾತ್ರ ಕಥೆ ಸ್ವಲ್ಪ ಬೇರೆ, ಜಾಗದ ಆಧಾರ ಪತ್ರ ಮತ್ತೆ ತೀರ್ವೆ (ಭೂಕಂದಾಯ) ರಶೀದಿ ತಗೊಂಡು ವಕೀಲರಲ್ಲಿಗೆ ಹೋಗಿ, ಭಾವನ ಬಾಯಿಯಿಂದ ಕಾನೂನು ಕಲಿಯುದು ಬೇಡ.

ಹೋಗುದು ಫ್ಯಾಮಿಲಿ ಪೆನ್ಷನ್. ನಿಮ್ಮವರದ್ದು ನಿಮಗೆ ಬರ್ತಾ ಇದ್ರೆ ಅದು ಮರುಮದುವೆ ಆದ ದಿವಸಕ್ಕೆ ನಿಲ್ತದೆ, ಇದನ್ನು ಮುಂಚೆಯೇ ಲೆಕ್ಕ ಹಾಕಿ. ಹಾಗಂತ ಪೆನ್ಷನಿಗೋಸ್ಕರ ಮದುವೆಯನ್ನು ಗುಟ್ಟಲ್ಲಿ ಇಡುವವರು ಇದ್ದಾರೆ, ಟೀಚರ್ ಆದ ನಿಮಗೆ ಅದು ಬೇಡ, ಸಿಕ್ಕಿಬಿದ್ರೆ ತೆಗೊಂಡದ್ದೆಲ್ಲ ವಾಪಸ್ ಕಟ್ಟುವ ಮಂಡೆಬಿಸಿ.

ಭಾಷೆ, ಜಾತಿ? ಭಾಷೆ ಬಿಡಿ. ಇಲ್ಲಿ ಮೀನಿನವನ ಹತ್ರ ಮಲಯಾಳ, ಕೆಲಸದವರ ಹತ್ರ ತುಳು, ಶಾಲೆಯಲ್ಲಿ ಕನ್ನಡ, ಒಂದೇ ಬಸ್ಸಲ್ಲಿ ನಾಲ್ಕು ಭಾಷೆ ಮಾತಾಡಿ ಇಳಿಯುವ ಜನ ನಾವು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ನಮ್ಮ ಹಿರಿಯರು ಹುಡುಗಿಯನ್ನು ಕೇಳದೆ ಮಾಡಿದ ಮದುವೆಯ ಹಾಗೆ ಹೇಳ್ತಿದ್ರು, ನಿಮ್ಮನ್ನಾದ್ರೆ ಕೇಳಿದ್ದಾರೆ, ಅದೇ ದೊಡ್ಡದು. ಜಾತಿಗೆ ಊರು ಒಂದು ವರ್ಷ ಮಾತಾಡ್ತದೆ, ಮತ್ತೆ ಬೇರೆ ಯಾರದ್ದಾದ್ರೂ ಸಿಗ್ತದೆ. ಆದ್ರೆ ಸ್ಪೆಷಲ್ ಮ್ಯಾರೇಜ್ ಆಕ್ಟಲ್ಲಿ ರಿಜಿಸ್ಟರ್ ಆಗುದಾದ್ರೆ 30 ದಿವಸದ ನೋಟೀಸು ಆಫೀಸಿನ ಬೋರ್ಡಲ್ಲಿ ಹಾಕ್ತಾರೆ, ಅದನ್ನು ಓದುವುದೇ ಕೆಲಸ ಮಾಡಿಕೊಂಡವರು ಇದ್ದಾರೆ. ಅದಕ್ಕಿಂತ ತುಂಬ ಮುಂಚೆ ಮಗಳಿಗೆ ನಿಮ್ಮ ಬಾಯಿಂದಲೇ ಗೊತ್ತಾಗಬೇಕು.

ಮಗಳಿಗೆ ಹೇಗೆ ಹೇಳುದು, ಇದು ಕಷ್ಟದ್ದು. ಕಥೆಯಲ್ಲಾದ್ರೆ ಮಧ್ಯದ ಗಂಡನನ್ನು ನಾವು ಕುಡುಕ ಮಾಡಿಬಿಡ್ತೇವೆ, ಆಗ ಮೊದಲ ಪ್ರೀತಿ ವಾಪಸ್ ಬಂದಾಗ ಯಾರಿಗೂ ಬೇಜಾರಾಗುದಿಲ್ಲ. ನಿಮ್ಮವರು ಹಾಗಿದ್ದವರಲ್ಲ ಅಂತ ಕಾಣ್ತದೆ, 'ನಮ್ಮವರು' ಅಂತಲೇ ಬರೆದಿದ್ದೀರಿ ಈಗಲೂ. ಹಾಗಿರುವಾಗ ಮಗಳ ಹತ್ರ ಹೋಗಿ 'ಕಾಲೇಜಲ್ಲಿ ಒಬ್ಬರು ಇದ್ರು, ನನ್ನ ನಿಜವಾದ ಪ್ರೀತಿ' ಅಂತ ಶುರು ಮಾಡಿದ್ರೆ ಆ ಮಗುವಿಗೆ ಕೇಳುದು ಬೇರೆ, ನನ್ನ ಅಪ್ಪ ಇಂಟರ್ವೆಲ್ಲಾ ಹಾಗಾದ್ರೆ, ಅಂತ. ಕಾಲೇಜಿನಿಂದ ಶುರು ಮಾಡ್ಬೇಡಿ. 'ಈಗ ಒಬ್ಬರ ಜೊತೆ ಮಾತಾಡಿದ್ರೆ ನನಗೆ ಖುಷಿ ಆಗ್ತದೆ, ಅವರು ಇಂಥವರು, ನೀನು ಒಮ್ಮೆ ನೋಡು' ಅಂತ ಈಗಿನಿಂದ ಶುರು ಮಾಡಿ. ಕಾಲೇಜಿನ ಕಥೆ ಸುಳ್ಳಲ್ಲ, ಮುಚ್ಚಿಡುದೂ ಬೇಡ, ಕೇಳಿದ್ರೆ ಹೇಳಿ. ಅವಳಿಗೆ ಸಿಟ್ಟು ಬಂದ್ರೆ ಬರಲಿ, ಹಾಸ್ಟೆಲಿಗೆ ಹೋಗಿ ಎರಡು ವಾರ ಫೋನ್ ತೆಗಿಯದಿದ್ರೂ ತೆಗೆದೇ ತೆಗೀತಾಳೆ, ಒಪ್ಪಿಗೆ ಬೇಡುವ ಹಾಗೆ ನಿಲ್ಬೇಡಿ.

ಎರಡನೇ ಚಾನ್ಸಾ ಅಂತ ಕೇಳಿದ್ರಿ. ನಾನು ಇದನ್ನು ಮೊದಲನೇ ಸಲ ಅಂತಲೇ ಲೆಕ್ಕ ಹಾಕ್ತೇನೆ. ಇಬ್ಬರು ನಡುವಯಸ್ಸಿನವರು ಹೊಸತಾಗಿ ಪರಿಚಯ ಆಗಿದ್ದಾರೆ, ಹಿಂದೆ ಒಂದೇ ಕಾಲೇಜು, ಅಷ್ಟೇ. ಹಾಗೆ ನೋಡಿದ್ರೂ ಆ ಜನ ಇಷ್ಟ ಆಗ್ತಾರೆ ಅಂತಾದ್ರೆ ಧೈರ್ಯದಲ್ಲಿ ಆಗಿ, ನಾನು ಬೇಡ ಅನ್ನುದಿಲ್ಲ.

ಅತ್ತೆಯ ಬಗ್ಗೆ ನೀವು ಕೇಳಲೇ ಇಲ್ಲ, ಆದ್ರೂ ಹೇಳ್ತೇನೆ. ಭಾವ ಹೋಗಿ ಬಣ್ಣ ಕಟ್ಟಿ ಹೇಳುವ ಮುಂಚೆ ನೀವೇ ಹೇಳಿ, ಮತ್ತೆ ನೀವೇ ಆ ಮನೆ ಬಿಟ್ಟು ಹೋಗ್ಬೇಕು ಅಂತ ಎಲ್ಲಿ ಬರೆದಿದೆ, ಅವರೇ ಇಲ್ಲಿಗೆ ಬಂದು ಇರ್ಬಹುದಲ್ಲ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನ ಕಟ್ಟು ಇದ್ದ ಊರು ನಮ್ಮದು, ಹೆಂಡತಿಯ ಮನೆಯಲ್ಲಿ ಗಂಡಸು ಇದ್ರೆ ಆಕಾಶ ಬೀಳುದಿಲ್ಲ. ಮನೆಯೂ ನಿಮ್ಮವರ ಹೆಸರಲ್ಲಿದ್ದದ್ದಾದ್ರೆ ಅದರಲ್ಲಿ ಅತ್ತೆಗೂ ಪಾಲು ಉಂಟು, ಅವರ ಹತ್ರ ಕೇಳದೆ ಮಾತ್ರ ಬೇಡ.